ಕೋಟಿಂಗ್ ಚೆನ್ನಾಗಿಯೇ ಇತ್ತು: ಸೌತ್‌ವೆಸ್ಟ್ 1380ರ ಹದಿಮೂರನೇ ಬ್ಲೇಡ್

2018ರ ಏಪ್ರಿಲ್ 17ರಂದು ಅಮೆರಿಕದಲ್ಲಿ ಒಂದು ಬೋಯಿಂಗ್ 737ರ ಎಡ ಎಂಜಿನ್ ಆಕಾಶದಲ್ಲೇ ಒಡೆಯಿತು. ಮುರಿದ ಫ್ಯಾನ್ ಬ್ಲೇಡಿನ ಬುಡವನ್ನು ತನಿಖೆಯವರು ಲ್ಯಾಬಿಗೆ ಒಯ್ದು ನೋಡಿದರು. ಮೇ ಮೊದಲ ವಾರ ಅವರು ಹೊರಬಿಟ್ಟ ಮಾಹಿತಿಯಲ್ಲಿ ಒಂದು ಸಾಲಿದೆ. ಓದಿದಾಗಿನಿಂದ ಅದು ನನ್ನ ತಲೆಯಿಂದ ಇಳಿದಿಲ್ಲ. ಬುಡದ ಕೋಟಿಂಗ್ ನೋಡಲು ಒಂದೇ ಸಮನಾಗಿತ್ತು. ಎಲ್ಲೂ ಚಕ್ಕೆ ಎದ್ದಿರಲಿಲ್ಲ, ಎಲ್ಲೂ ಲೋಹದಿಂದ ಬಿಟ್ಟುಕೊಂಡಿರಲಿಲ್ಲ.

ಆ ಕೋಟಿಂಗ್ ಮುಗಿಯುವ ಅಂಚಿನಿಂದ ಸ್ವಲ್ಪವೇ ಆಚೆ ಬಿರುಕು ಹುಟ್ಟಿತ್ತು. ಉದ್ದ ಸುಮಾರು 57 ಮಿಲಿಮೀಟರ್, ಆಳ 12 ಮಿಲಿಮೀಟರ್.

ಕೋಟಿಂಗ್ ಸವೆದರೆ ಲೋಹಕ್ಕೆ ಕೇಡು ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಕೋಟಿಂಗ್ ಸರಿಯಾಗಿದೆ, ಲೋಹ ಹೋಗಿದೆ. ಅದು ಹೇಗೆ?

ಮೊದಲು ಆ ದಿನದ ಕಥೆ ಬೇಗ ಮುಗಿಸುತ್ತೇನೆ. ಸೌತ್‌ವೆಸ್ಟ್ ಏರ್‌ಲೈನ್ಸ್‌ನ 1380 ನಂಬರಿನ ವಿಮಾನ ನ್ಯೂಯಾರ್ಕಿನ ಲಗಾರ್ಡಿಯಾದಿಂದ ಡಲ್ಲಾಸ್‌ಗೆ ಹೊರಟಿತ್ತು. 144 ಪ್ರಯಾಣಿಕರು, 5 ಸಿಬ್ಬಂದಿ. ಬೆಳಿಗ್ಗೆ 10:43ಕ್ಕೆ ನೆಲ ಬಿಟ್ಟಿತು. 11:03ಕ್ಕೆ, ಸುಮಾರು 32 ಸಾವಿರ ಅಡಿ ಎತ್ತರದಲ್ಲಿ, 13ನೇ ಬ್ಲೇಡ್ ಬುಡದಲ್ಲೇ ಮುರಿದು ಎಂಜಿನ್ ಸುತ್ತಲಿನ ಕವಚಕ್ಕೆ ಬಡಿಯಿತು. ಆ ಹೊಡೆತಕ್ಕೆ ಹೊರಗಿನ ಮುಚ್ಚಳ, ಅಂದರೆ ಕೌಲ್, ಹರಿದು ಹೋಯಿತು. ಅದರ ಚಿಲಕದ ಒಂದು ತುಂಡು 14ನೇ ಸಾಲಿನ ಕಿಟಕಿಯ ಹತ್ತಿರ ಬಂದು ತಾಗಿತು. ಕಿಟಕಿ ಕಿತ್ತುಹೋಗಿ ಒಳಗಿನ ಗಾಳಿ ಒಮ್ಮೆಲೇ ಹೊರನುಗ್ಗಿತು. ಅಲ್ಲಿ ಕೂತಿದ್ದ ಪ್ರಯಾಣಿಕರೊಬ್ಬರು ತೀರಿಕೊಂಡರು. ಇನ್ನೂ 8 ಜನರಿಗೆ ಸಣ್ಣಪುಟ್ಟ ಗಾಯ. ವಿಮಾನ ಎಡಕ್ಕೆ 41 ಡಿಗ್ರಿ ವಾಲಿತ್ತು. ಕ್ಯಾಪ್ಟನ್ ಟ್ಯಾಮಿ ಜೋ ಶಲ್ಟ್ಸ್ ಮತ್ತು ಫಸ್ಟ್ ಆಫೀಸರ್ ಡ್ಯಾರೆನ್ ಎಲಿಸರ್ ಅದನ್ನು ಹಿಡಿತಕ್ಕೆ ತಂದು 11:20ಕ್ಕೆ ಫಿಲಡೆಲ್ಫಿಯಾದಲ್ಲಿ ಇಳಿಸಿದರು. ಕೌಲ್‌ನ ಚೂರುಗಳು ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಹಳ್ಳಿಯೊಂದರಲ್ಲಿ ಸಿಕ್ಕವು.

ಎಂಜಿನ್ನಿನ ಹೆಸರು ಸಿಎಫ್‌ಎಂ56-7ಬಿ. ಅಪರೂಪದ ಯಂತ್ರವೇನಲ್ಲ. ಮಂಗಳೂರಿನಿಂದ ದುಬೈಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737-800 ಹತ್ತಿ ಹೋದವರೆಲ್ಲ ಇದೇ ಎಂಜಿನ್ನಿನ ಪಕ್ಕದಲ್ಲಿ ಕೂತೇ ಹೋಗಿದ್ದಾರೆ.

ಕಾವು, ತಗಡು, ಕೋಟಿಂಗ್

ಈ ಎಂಜಿನ್ನಿನ ಮುಂದಿನ ಫ್ಯಾನಿನಲ್ಲಿ 24 ಬ್ಲೇಡ್‌ಗಳಿವೆ. ಟೈಟಾನಿಯಂ ಮಿಶ್ರಲೋಹದವು. ಫ್ಯಾನಿನ ಅಡ್ಡಳತೆ ಸುಮಾರು ಒಂದೂವರೆ ಮೀಟರ್. ನಿಮಿಷಕ್ಕೆ ಸುಮಾರು 5 ಸಾವಿರ ಸುತ್ತು ತಿರುಗುವಾಗ ಪ್ರತಿ ಬ್ಲೇಡನ್ನೂ ಟನ್‌ಗಟ್ಟಲೆ ಬಲ ಹೊರಕ್ಕೆ ಎಳೆಯುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವುದು ಬುಡ. ಬುಡ ಕೆಳಗೆ ಅಗಲ, ಮೇಲೆ ಸಪೂರ. ಬಡಗಿಗಳು ಡ್ರಾಯರ್ ಮೂಲೆಗೆ ಹಾಕುತ್ತಾರಲ್ಲ, ಆ ಡವ್‌ಟೇಲ್ ಆಕಾರವೇ. ನಡುವಿನ ಡಿಸ್ಕಿನಲ್ಲಿ ಅದೇ ಅಳತೆಯ ಕೊರಕಲು ಕೊರೆದಿರುತ್ತಾರೆ. ಬುಡವನ್ನು ಅದರೊಳಗೆ ಜಾರಿಸಿ ಕೂರಿಸುತ್ತಾರೆ. ಎಂಜಿನ್ ತಿರುಗಿದಷ್ಟೂ ಬುಡ ಕೊರಕಲಿನ ಗೋಡೆಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ.

ಗುದ್ದಲಿಗೆ ಕಾವು ಹಾಕಿದವರಿಗೆ ಮುಂದಿನದ್ದು ಸುಲಭವಾಗಿ ಅರ್ಥವಾಗುತ್ತದೆ. ಎಷ್ಟೇ ಬಿಗಿಯಾಗಿ ಕೂರಿಸಿದರೂ ಏಟು ಬಿದ್ದಾಗೆಲ್ಲ ಕಾವು ಕೂದಲೆಳೆಯಷ್ಟು ಅಲುಗುತ್ತದೆ, ಉಜ್ಜಿ ಉಜ್ಜಿ ಸವೆಯುತ್ತದೆ. ನಾವು ಬೆಣೆ ಹೊಡೆಯುತ್ತೇವೆ, ಇಲ್ಲವೇ ತಗಡು ತುರುಕುತ್ತೇವೆ. ಎಂಜಿನ್ನಿನವರೂ ಹೆಚ್ಚುಕಮ್ಮಿ ಅದನ್ನೇ ಮಾಡುತ್ತಾರೆ. ಬುಡಕ್ಕೂ ಡಿಸ್ಕಿಗೂ ನಡುವೆ ಶಿಮ್ ಎಂಬ ತೆಳು ತಗಡು ಇರುತ್ತದೆ. ಬುಡದ ಒತ್ತುವ ಮುಖಕ್ಕೆ ತಾಮ್ರ, ನಿಕಲ್ ಮತ್ತು ಇಂಡಿಯಂ ಸೇರಿದ ಮೆದು ಲೋಹದ ಕೋಟಿಂಗ್ ಹಾಕಿರುತ್ತಾರೆ. ಅದರ ಮೇಲೆ ಮಾಲಿಬ್ಡಿನಂ ಡೈಸಲ್ಫೈಡ್‌ನ ಒಣ ಲೂಬ್ರಿಕೆಂಟ್. ಈ ಮೂರೂ ಮಾಡುವ ಕೆಲಸ ಒಂದೇ: ಟೈಟಾನಿಯಂ ನೇರವಾಗಿ ಉಜ್ಜದಂತೆ ನೋಡಿಕೊಳ್ಳುವುದು, ಒತ್ತಡ ಇಡೀ ಮುಖಕ್ಕೆ ಹರಡುವಂತೆ ಮಾಡುವುದು.

ಲೂಬ್ರಿಕೆಂಟ್ ಖಾಲಿಯಾದರೆ ಘರ್ಷಣೆ ಜಾಸ್ತಿಯಾಗುತ್ತದೆ. ಕೋಟಿಂಗ್ ಒಂದು ಕಡೆ ಚಕ್ಕೆ ಎದ್ದರೆ ಅಲ್ಲಿ ಹೊರಬೇಕಾದ ಭಾರ ಪಕ್ಕಕ್ಕೆ ಬೀಳುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೂ ಅದೇ ಪಾಡು. ಹೀಗೆ ಒತ್ತಡ ಗುಡ್ಡೆಯಾಗುವ ಜಾಗ ಯಾವುದು ಗೊತ್ತಾ? ಒತ್ತುವ ಮುಖ ಮುಗಿಯುವ ಅಂಚು. ಬಿರುಕು ಹುಟ್ಟಿದ್ದೂ ಆ ಅಂಚಿನ ಆಚೆಯೇ. ಅದಕ್ಕೇ ಕೋಟಿಂಗ್ ಮೇಲೆ ಕಣ್ಣಾಡಿಸಿ ಬಿರುಕಿಲ್ಲ ಎಂದುಕೊಳ್ಳುವಂತಿಲ್ಲ.

ಇಪ್ಪತ್ತು ಸಾವಿರ ಗೆರೆ

ಲೋಹ ದಣಿದು ಮುರಿದಾಗ ಮುರಿದ ಮುಖದಲ್ಲಿ ಗೆರೆಗಳು ಉಳಿಯುತ್ತವೆ. ಭಾರ ಬಿದ್ದಾಗಲೊಮ್ಮೆ ಬಿರುಕು ಒಂದಿಷ್ಟು ಮುಂದಕ್ಕೆ ಹೋಗುತ್ತದೆ, ನಿಲ್ಲುತ್ತದೆ, ಗುರುತು ಬಿಡುತ್ತದೆ. ಇಲ್ಲಿ ಒಂದು ಭಾರ ಅಂದರೆ ಒಂದು ಹಾರಾಟ: ಏರಿದ್ದು, ಇಳಿದದ್ದು. ವಿಮಾನದವರ ಭಾಷೆಯಲ್ಲಿ ಒಂದು ಸೈಕಲ್. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ಎಣಿಸಿದಾಗ ಗೆರೆಗಳು ಹತ್ತಿರ ಹತ್ತಿರ 20 ಸಾವಿರ ಬಂದವು.

ಈಗ ಒಂದು ಕಚ್ಚಾ ಲೆಕ್ಕ ಹಾಕೋಣ. ಬ್ಲೇಡ್ ಹೊಸದಾದಾಗಿನಿಂದ ಓಡಿದ್ದು 32,636 ಸೈಕಲ್. ಕೊನೆಯ ಓವರ್‌ಹಾಲ್, ಅಂದರೆ ಬಿಚ್ಚಿ ಪೂರ್ತಿ ತಪಾಸಣೆ ಮಾಡಿ ಸರಿಪಡಿಸುವ ಕೆಲಸ, ಆದದ್ದು 2012ರ ನವೆಂಬರಿನಲ್ಲಿ, ಅಪಘಾತಕ್ಕೆ 10,712 ಸೈಕಲ್ ಮುಂಚೆ. ಅಂದರೆ ಓವರ್‌ಹಾಲ್ ಹೊತ್ತಿಗೆ ಅದು 21,924 ಸೈಕಲ್ ಓಡಿತ್ತು. ಗೆರೆಗೊಂದು ಸೈಕಲ್ ಎಂದು ಹಿಡಿದರೆ ಬಿರುಕು ಬೆಳೆಯಲು ಶುರುವಾದದ್ದು 12,600ರ ಆಸುಪಾಸು. ಹಾಗಾದರೆ ಓವರ್‌ಹಾಲ್ ಮೇಜಿಗೆ ಬಂದಾಗ ಆ ಬಿರುಕಿಗೆ ಆಗಲೇ 9 ಸಾವಿರ ಹಾರಾಟದ ವಯಸ್ಸು. ಬಿರುಕು ಆ ಮೇಜಿನ ಮೇಲಿದ್ದರೂ ಸಿಕ್ಕಲಿಲ್ಲ ಎಂಬುದು ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿಯ ಅಂತಿಮ ತೀರ್ಮಾನವೂ ಹೌದು. ಆಮೇಲೆ ಬ್ಲೇಡನ್ನು ಏಳು ಸಲ ಹೊರತೆಗೆದು ಲೂಬ್ರಿಕೆಂಟ್ ಹಚ್ಚಿದ್ದಾರೆ, ಪ್ರತಿ ಸಲ ಕಣ್ಣಿನಿಂದ ನೋಡಿದ್ದಾರೆ. ಆಗಲೂ ಸಿಕ್ಕಲಿಲ್ಲ.

ಈ ಲೆಕ್ಕದಿಂದ ಇನ್ನೊಂದು ಮಾತು ಹೊರಡುತ್ತದೆ. ಇದು ನನ್ನ ತರ್ಕ, ವರದಿಯ ಮಾತಲ್ಲ. ಓವರ್‌ಹಾಲ್‌ನಲ್ಲಿ ಹಳೆಯ ಕೋಟಿಂಗನ್ನು ಪೂರ್ತಿ ತೆಗೆದು ಹೊಸದು ಹಾಕುತ್ತಾರೆ. ಹಾಗಾದರೆ ಲ್ಯಾಬಿನಲ್ಲಿ ಚೆನ್ನಾಗಿ ಕಂಡ ಕೋಟಿಂಗ್ 2012ರದ್ದು. ಬಿರುಕು ಅದಕ್ಕಿಂತ ಹಳೆಯದು! ಬಿರುಕು ಹುಟ್ಟುವಾಗ ಬುಡದ ಮೇಲಿದ್ದ ಕೋಟಿಂಗ್ ಹೇಗಿತ್ತು, ಎಲ್ಲಿ ಸವೆದಿತ್ತು, ಎಲ್ಲಿ ಚಕ್ಕೆ ಎದ್ದಿತ್ತು? ಅದನ್ನು ಹೇಳಬೇಕಾದ ಸಾಕ್ಷಿ ಓವರ್‌ಹಾಲ್‌ನ ತೊಟ್ಟಿಯಲ್ಲಿ ಕರಗಿ ಹೋಗಿರುತ್ತದೆ.

ಕತ್ತಲ ಕೋಣೆಯ ಹಸಿರು ಗೆರೆ

2012ರಲ್ಲಿ ಬ್ಲೇಡನ್ನು ನೋಡಿದ್ದು ಎರಡು ರೀತಿಯಲ್ಲಿ. ಒಂದು ಬರಿಗಣ್ಣು. ಇನ್ನೊಂದು ಫ್ಲೋರೊಸೆಂಟ್ ಪೆನಿಟ್ರಂಟ್, ಶಾಪಿನಲ್ಲಿ ಎಲ್ಲರೂ ಎಫ್‌ಪಿಐ ಅನ್ನುತ್ತಾರೆ. ಇದರ ಕ್ರಮ ನೋಡಲು ಚೆಂದ. ಕೋಟಿಂಗ್ ತೆಗೆದು, ಲೋಹವನ್ನು ಚೊಕ್ಕ ತೊಳೆದು, ಹೊಳೆಯುವ ಬಣ್ಣದ ಎಣ್ಣೆಯಲ್ಲಿ ಅದ್ದುತ್ತಾರೆ. ಎಣ್ಣೆ ತೆಳುವಾಗಿರುವುದರಿಂದ ಕೂದಲೆಳೆ ಬಿರುಕಿಗೂ ತಾನಾಗಿ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೇಲಿನದ್ದನ್ನು ತೊಳೆಯುತ್ತಾರೆ. ಒಣಗಿಸಿ, ಡೆವಲಪರ್ ಎಂಬ ಬಿಳಿ ಪುಡಿ ಉದುರಿಸುತ್ತಾರೆ. ಬಿರುಕಿನಲ್ಲಿ ಉಳಿದ ಎಣ್ಣೆಯನ್ನು ಪುಡಿ ಮೇಲಕ್ಕೆ ಹೀರುತ್ತದೆ. ಆಮೇಲೆ ಕತ್ತಲ ಕೋಣೆ. ಇನ್‌ಸ್ಪೆಕ್ಟರ್ ಮೊದಲು ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳಬೇಕು. ನೇರಳಾತೀತ ದೀಪ ಹಿಡಿದರೆ ಬಿರುಕಿದ್ದ ಕಡೆ ಹಳದಿ ಹಸಿರು ಗೆರೆ ಮಿನುಗುತ್ತದೆ.

ಎಲ್ಲ ಸರಿಯಿದ್ದರೆ ಮಿನುಗುತ್ತದೆ. ಬಿರುಕಿನ ಬಾಯಿ ತೆರೆದಿರಬೇಕು. ಒಳಗೆ ಕೊಳೆ ಕೂತಿರಬಾರದು. ತೊಳೆಯುವಾಗ ಜಾಸ್ತಿ ತೊಳೆದು ಒಳಗಿನ ಎಣ್ಣೆಯೂ ಹೋಗಿರಬಾರದು. ಇಂಥ ಬಿರುಕುಗಳದ್ದು ಇನ್ನೊಂದು ಬುದ್ಧಿ ಇದೆ. ಎಂಜಿನ್ ತಿರುಗುವಾಗ ಎಳೆತಕ್ಕೆ ಅವು ಬಾಯಿ ಬಿಡುತ್ತವೆ. ಮೇಜಿನ ಮೇಲೆ ಎಳೆಯುವವರು ಯಾರೂ ಇಲ್ಲ, ಬಾಯಿ ಮುಚ್ಚಿಕೊಳ್ಳುತ್ತವೆ. ಅದರ ಮೇಲೆ ಶಾಟ್ ಪೀನಿಂಗ್ ಬೇರೆ. ಸಣ್ಣ ಗುಂಡುಗಳನ್ನು ಮೈಮೇಲೆ ಹೊಡೆದು ಲೋಹದ ಚರ್ಮವನ್ನು ಒಳಕ್ಕೆ ಒತ್ತಿ ಬಿಗಿ ಮಾಡುವ ಕೆಲಸ ಅದು. ಬಿರುಕು ಹುಟ್ಟದಿರಲಿ ಎಂದು ಮಾಡುವುದು. ಹುಟ್ಟಿದ ಬಿರುಕಿನ ತುಟಿಯನ್ನು ಬಿಗಿಯಾಗಿ ಒತ್ತಿ ಹಿಡಿಯುವುದೂ ಅದೇ ಬಿಗಿತ.

ಎಫ್‌ಪಿಐ ಕೆಟ್ಟ ವಿಧಾನ ಎಂದು ನಾನು ಹೇಳುತ್ತಿಲ್ಲ. ಸಾವಿರಾರು ಭಾಗಗಳಲ್ಲಿ ದಿನವೂ ಅದು ದೋಷ ಹಿಡಿಯುತ್ತಿದೆ. ಆದರೆ ಅದು ಕೋಟಿಂಗ್ ಇದ್ದಾಗ ಕೆಲಸಕ್ಕೆ ಬರುವುದಿಲ್ಲ, ಎಂಜಿನ್ ರೆಕ್ಕೆಯ ಮೇಲಿದ್ದಾಗಲೂ ಬರುವುದಿಲ್ಲ. ಎರಡು ಓವರ್‌ಹಾಲ್‌ಗಳ ನಡುವಿನ ಉದ್ದ ವರ್ಷಗಳಲ್ಲಿ ಆಗ ಉಳಿಯುತ್ತಿದ್ದದ್ದು ಬರಿಗಣ್ಣು ಮಾತ್ರ.

ಒಮ್ಮೆ ಎಚ್ಚರಿಕೆ ಸಿಕ್ಕಿತ್ತು

ಈ ಪ್ರಕರಣದಲ್ಲಿ ಹೊಟ್ಟೆ ಉರಿಯುವ ಭಾಗ ಇದು. 2016ರ ಆಗಸ್ಟ್ 27ರಂದು ಇದೇ ಏರ್‌ಲೈನ್ಸ್‌ನ 3472 ನಂಬರಿನ ವಿಮಾನ ನ್ಯೂ ಆರ್ಲಿಯನ್ಸ್‌ನಿಂದ ಒರ್ಲ್ಯಾಂಡೊಗೆ ಹೋಗುವಾಗ ಇದೇ ಮಾದರಿಯ ಎಂಜಿನ್ನಿನ ಫ್ಯಾನ್ ಬ್ಲೇಡ್ ಬುಡದಲ್ಲೇ ಮುರಿದಿತ್ತು. ಎಂಜಿನ್ನಿನ ಮುಂಭಾಗ ಕಿತ್ತುಹೋಗಿ ವಿಮಾನದ ಮೈಯಲ್ಲಿ ತೂತಾಯಿತು. ಪೆನ್ಸಕೋಲಾದಲ್ಲಿ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಕಾರಣ ಅದೇ: ಡವ್‌ಟೇಲಿನಲ್ಲಿ ದಣಿವಿನ ಬಿರುಕು.

ಆಮೇಲೆ ಓವರ್‌ಹಾಲ್‌ನಲ್ಲಿ ಎಡ್ಡಿ ಕರೆಂಟ್ ತಪಾಸಣೆ, ಅಂದರೆ ಕರೆಂಟಿನ ಸುಳಿಯಿಂದ ಬಿರುಕು ಹುಡುಕುವ ವಿಧಾನ, ಕಡ್ಡಾಯವಾಯಿತು. ಆದರೆ 13ನೇ ಬ್ಲೇಡಿನ ಓವರ್‌ಹಾಲ್ 2012ರಲ್ಲೇ ಮುಗಿದಿತ್ತಲ್ಲ, ಅದಕ್ಕೆ ಈ ನಿಯಮ ಮುಟ್ಟಲೇ ಇಲ್ಲ. 2017ರಲ್ಲಿ ತಯಾರಕರು ಅಲ್ಟ್ರಾಸಾನಿಕ್ ತಪಾಸಣೆಗೆ ಶಿಫಾರಸು ಮಾಡಿದರು. ಆ ವರ್ಷದ ಆಗಸ್ಟಿನಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಕಡ್ಡಾಯದ ಕರಡು ಹೊರಡಿಸಿತು. 2018ರ ಮಾರ್ಚಿನಲ್ಲಿ ಯುರೋಪಿನ ನಿಯಂತ್ರಕ ಈಸಾ ಆದೇಶ ಕೊಟ್ಟಿತು, ಒಂಬತ್ತು ತಿಂಗಳ ಗಡುವಿನೊಂದಿಗೆ. ಎಫ್‌ಎಎ ಕರಡು ಕರಡಾಗಿಯೇ ಇದ್ದಾಗ 1380 ಹಾರಿತು. ಅಪಘಾತವಾಗಿ ಮೂರನೇ ದಿನಕ್ಕೆ ತುರ್ತು ಆದೇಶ ಬಂತು: 30 ಸಾವಿರ ಸೈಕಲ್ ದಾಟಿದ ಎಂಜಿನ್ನುಗಳನ್ನೆಲ್ಲ 20 ದಿನದಲ್ಲಿ ಅಲ್ಟ್ರಾಸಾನಿಕ್‌ನಿಂದ ನೋಡಿ. ಅಮೆರಿಕದಲ್ಲಿ 352, ಜಗತ್ತಿನಲ್ಲಿ 681 ಎಂಜಿನ್. ಕೆಲಸ ಎಂಜಿನ್ನಿಗೆ ನಾಲ್ಕು ಗಂಟೆಯದ್ದು, ಅದೂ ರೆಕ್ಕೆಯಿಂದ ಇಳಿಸದೆಯೇ. ನಾಲ್ಕು ಗಂಟೆ!

ಅಲ್ಟ್ರಾಸಾನಿಕ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಹೊಟ್ಟೆಯ ಸ್ಕ್ಯಾನ್ ಮಾಡಿಸಿದವರಿಗೆ ಗೊತ್ತೇ ಇದೆ. ಜೆಲ್ ಹಚ್ಚಿ ಬ್ಲೇಡಿನ ಮೈಮೇಲೆ ಪ್ರೋಬ್ ಓಡಿಸುತ್ತಾರೆ. ಶಬ್ದದ ಅಲೆ ಲೋಹದೊಳಗೆ ಹೋಗುತ್ತದೆ, ಬಿರುಕಿಗೆ ತಾಗಿದರೆ ಹಿಂದಕ್ಕೆ ಬರುತ್ತದೆ. ಕೋಟಿಂಗ್ ತೆಗೆಯಬೇಕಿಲ್ಲ. ಆದರೆ ಕೋಟಿಂಗ್ ಹೇಗಿದೆ ಎಂದು ಅದು ಹೇಳುವುದೂ ಇಲ್ಲ.

ಅಡ್ಡ ಓಡುವ ಚುಕ್ಕೆ

ಎಡ್ಡಿ ಕರೆಂಟ್ ವಿಷಯ ಬೇರೆ. ಅದನ್ನು ಹತ್ತಿರದಿಂದ ನೋಡಬೇಕು. ಪೆನ್ಸಿಲ್ ಗಾತ್ರದ ಪ್ರೋಬಿನ ತುದಿಯಲ್ಲಿ ಸಣ್ಣ ಸುರುಳಿ. ಅದರಲ್ಲಿ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್ ಹರಿಸುತ್ತಾರೆ. ಲೋಹದ ಹತ್ತಿರ ಹಿಡಿದರೆ ಲೋಹದ ಮೈಯಲ್ಲೂ ಕರೆಂಟ್ ಸುಳಿಯಂತೆ ತಿರುಗುತ್ತದೆ. ದಾರಿಯಲ್ಲಿ ಬಿರುಕು ಬಂದರೆ ಸುಳಿ ಸುತ್ತಿಬಳಸಿ ಹೋಗಬೇಕು, ಆ ಬದಲಾವಣೆ ಸುರುಳಿಗೆ ಗೊತ್ತಾಗುತ್ತದೆ. ಟೈಟಾನಿಯಂನಲ್ಲಿ ವಿದ್ಯುತ್ ಅಷ್ಟು ಸಲೀಸಾಗಿ ಹರಿಯುವುದಿಲ್ಲ. ಅದಕ್ಕೇ ಫ್ರೀಕ್ವೆನ್ಸಿಯನ್ನು ಮೆಗಾಹರ್ಟ್ಸ್ ಮಟ್ಟಕ್ಕೆ ಏರಿಸುತ್ತಾರೆ. ಎಣ್ಣೆ ಇಳಿಯಬೇಕಿಲ್ಲ, ಬಾಯಿ ತೆರೆದಿರಬೇಕಿಲ್ಲ.

ಪರದೆಯ ಮೇಲೆ ಒಂದು ಚುಕ್ಕೆ. ಪ್ರೋಬನ್ನು ಮೈಯಿಂದ ಸ್ವಲ್ಪ ಎತ್ತಿದರೂ ಚುಕ್ಕೆ ಓಡುತ್ತದೆ. ಇದಕ್ಕೆ ಲಿಫ್ಟ್ ಆಫ್ ಅನ್ನುತ್ತಾರೆ. ಟೆಕ್ನಿಷಿಯನ್ ಕೆಲಸ ಶುರುಮಾಡುವ ಮುಂಚೆ ಒಂದು ಗುಂಡಿ ತಿರುಗಿಸಿ, ಲಿಫ್ಟ್ ಆಫ್ ಆದರೆ ಚುಕ್ಕೆ ಅಡ್ಡಕ್ಕೆ ಹೋಗುವಂತೆ ಹೊಂದಿಸಿಕೊಳ್ಳುತ್ತಾರೆ. ಆಗ ಬಿರುಕು ಬಂದರೆ ಚುಕ್ಕೆ ಮೇಲಕ್ಕೆ ಜಿಗಿಯುತ್ತದೆ. ಅಡ್ಡ ಹೋದದ್ದನ್ನು ಬಿಟ್ಟುಬಿಡಿ, ಮೇಲೆ ಜಿಗಿದದ್ದನ್ನು ಬರೆದುಕೊಳ್ಳಿ: ಬಿರುಕು ಹುಡುಕುವವರಿಗೆ ಕಲಿಸುವ ಪಾಠ ಇದು.

ಆ ಬಿಟ್ಟುಬಿಡುವ ಅಡ್ಡ ಓಟದಲ್ಲೇ ಕೋಟಿಂಗಿನ ಸುದ್ದಿ ಇದೆ. ಪ್ರೋಬ್ ಮತ್ತು ಲೋಹದ ನಡುವೆ ಬಣ್ಣದ ಪದರ ಇದ್ದರೆ ಪ್ರೋಬ್ ಅಷ್ಟು ಎತ್ತಿ ಹಿಡಿದಂತೆಯೇ ಲೆಕ್ಕ. ಚುಕ್ಕೆ ಎಷ್ಟು ಅಡ್ಡ ಹೋಯಿತು ಎಂಬುದೇ ಪದರದ ದಪ್ಪ. ವಿಮಾನದ ಅಲ್ಯೂಮಿನಿಯಂ ಮೈಮೇಲಿನ ಪೇಂಟ್ ಅಳೆಯುವ ಕೈಯಳತೆಯ ಗೇಜ್ ನಡೆಯುವುದು ಇದೇ ತತ್ತ್ವದ ಮೇಲೆ. ಡವ್‌ಟೇಲಿನ ಕೋಟಿಂಗ್ ಲೋಹದ್ದಾದ್ದರಿಂದ ಕೆಲಸ ಸ್ವಲ್ಪ ತೊಡಕು. ಅದರಲ್ಲೂ ಕರೆಂಟ್ ಹರಿಯುತ್ತದೆ. ಆದರೆ ತಾಮ್ರ ನಿಕಲ್ ಮಿಶ್ರಣದಲ್ಲೂ ಟೈಟಾನಿಯಂನಲ್ಲೂ ಅದು ಹರಿಯುವ ಬಗೆ ಒಂದೇ ಅಲ್ಲ. ಫ್ರೀಕ್ವೆನ್ಸಿ ಏರಿಸಿದರೆ ಸುಳಿ ಮೇಲ್ಪದರದಲ್ಲೇ ಉಳಿಯುತ್ತದೆ, ಇಳಿಸಿದರೆ ಆಳಕ್ಕೆ ಹೋಗುತ್ತದೆ. ಎರಡು ಮೂರು ಫ್ರೀಕ್ವೆನ್ಸಿಯಲ್ಲಿ ನೋಡಿದರೆ ಪದರದ ದಪ್ಪವನ್ನು ಬೇರ್ಪಡಿಸಿಕೊಳ್ಳಬಹುದು. ಸ್ಪ್ರೇ ಮಾಡಿದ ಕೋಟಿಂಗ್ ಒರಟಾಗಿರುವುದರಿಂದ ಅಳತೆ ಚೂರು ತೂಗಾಡುತ್ತದೆ, ಅಷ್ಟೇ.

ಕೋಟಿಂಗ್ ಲೋಹದಿಂದ ಬಿಟ್ಟುಕೊಂಡಿದೆಯೇ ಎಂದು ತಿಳಿಯಲು ಥರ್ಮೋಗ್ರಫಿ ಇದೆ. ಮೇಲಿನಿಂದ ಒಂದು ಕ್ಷಣ ಬಿಸಿ ಬೆಳಕು ಹಾಯಿಸಿ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡುತ್ತಾರೆ. ಅಂಟಿಕೊಂಡ ಕಡೆ ಶಾಖ ಒಳಕ್ಕೆ ಇಳಿದು ಬೇಗ ತಣ್ಣಗಾಗುತ್ತದೆ. ಬಿಟ್ಟುಕೊಂಡ ಕಡೆ ಅಡಿಯಲ್ಲಿ ಗಾಳಿ, ಶಾಖ ಅಲ್ಲೇ ನಿಲ್ಲುತ್ತದೆ. ಒಲೆಯ ಮೇಲೆ ಉಬ್ಬಿದ ರೊಟ್ಟಿಯ ಮೇಲ್ಪದರದ ಹಾಗೆ ಅನ್ನಿ. ಟರ್ಬೈನ್ ಬ್ಲೇಡಿನ ಸೆರಾಮಿಕ್ ಕೋಟಿಂಗಿಗೆ ಇದು ಚೆನ್ನಾಗಿ ಒಗ್ಗುತ್ತದೆ. ತೆಳು ಲೋಹದ ಪದರದಲ್ಲಿ ಶಾಖ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹರಿದು ಹೋಗುವುದರಿಂದ ಅಷ್ಟು ಸುಲಭವಿಲ್ಲ. ಇದ್ಯಾವುದೂ ಇಲ್ಲದಿದ್ದರೆ ಸಿಲಿಕೋನ್ ಹಿಟ್ಟು ಒತ್ತಿ ಮೈಯ ಅಚ್ಚು ತೆಗೆದಿಟ್ಟುಕೊಳ್ಳಬಹುದು. ಹಲ್ಲಿನ ಡಾಕ್ಟರು ಅಚ್ಚು ತೆಗೆಯುತ್ತಾರಲ್ಲ, ಅಂಥದ್ದೇ.

ನನ್ನ ತಕರಾರು ಇಷ್ಟೇ. ಕೋಟಿಂಗ್ ತೆಗೆಯುವ ಮುಂಚೆ ಅದನ್ನು ಅಳೆದು, ಚಿತ್ರ ತೆಗೆದು, ಬ್ಲೇಡಿನ ನಂಬರಿನ ಜೊತೆ ಇಟ್ಟರೆ ಬಿರುಕು ಹುಡುಕುವವರಿಗೆ ಎಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು ಎಂದು ಗೊತ್ತಾಗುತ್ತದೆ. ಕಲಾಯಿ ಸಾಬರು ಪಾತ್ರೆ ಬೆಂಕಿಗಿಡುವ ಮುಂಚೆ ಒಳಗೆ ಬೆರಳಾಡಿಸಿ ಎಲ್ಲಿ ಹೋಗಿದೆ ಎಂದು ನೋಡುತ್ತಿದ್ದರು. ತಳ ಹೋಗಿದ್ದರೆ ಒಂದು ಮಾತು, ಅಂಚು ಹೋಗಿದ್ದರೆ ಇನ್ನೊಂದು.

2019ರ ನವೆಂಬರ್ 19ರಂದು ಎನ್‌ಟಿಎಸ್‌ಬಿ ಅಂತಿಮ ವರದಿಯನ್ನು ಒಪ್ಪಿತು. ಡವ್‌ಟೇಲಿನ ಮೇಲಿನ ಒತ್ತಡ ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು ಎಂದಿತು. ಇದಕ್ಕೆ ಕಾರಣವಾಗಬಹುದಾದವುಗಳಲ್ಲಿ ಕೋಟಿಂಗ್ ಚಕ್ಕೆ ಏಳುವುದು, ಅದರ ದಪ್ಪದಲ್ಲಿ ಏರುಪೇರು, ಜಾಸ್ತಿ ಘರ್ಷಣೆ, ಅಂಚಿನ ಮೇಲೆ ಬೀಳುವ ಭಾರ, ಪೀನಿಂಗ್‌ನ ಬಿಗಿತ ಸಡಿಲವಾಗುವುದು ಎಲ್ಲವೂ ಬಂದವು. ಆ ಪಟ್ಟಿಯಲ್ಲಿ ಎರಡು ಕೋಟಿಂಗಿನವೇ ಎಂಬುದನ್ನು ಗಮನಿಸಿ. ವರದಿಯ ಶಿಫಾರಸುಗಳಲ್ಲಿ ಮುಖ್ಯವಾದವು ಮಾತ್ರ ಕೌಲಿನ ವಿನ್ಯಾಸದ ಬಗ್ಗೆ ಇವೆ. ಬ್ಲೇಡ್ ಮುರಿದರೂ ಮುಚ್ಚಳ ಹರಿದು ಕಿಟಕಿಗೆ ಬಡಿಯಬಾರದಿತ್ತು ಎಂಬುದು ಅವರ ವಾದ. ಅದು ನ್ಯಾಯವೇ. ಬ್ಲೇಡಿನ ಮಟ್ಟಿಗೆ, ಓವರ್‌ಹಾಲ್‌ನಲ್ಲಿ ಎಡ್ಡಿ ಕರೆಂಟ್ ಮತ್ತು ನಡುವೆ ಮತ್ತೆ ಮತ್ತೆ ಅಲ್ಟ್ರಾಸಾನಿಕ್ ಮಾಡಿದರೆ ಬಿರುಕು ಅಪಾಯದ ಗಾತ್ರ ಮುಟ್ಟುವ ಮುಂಚೆ ಸಿಗುತ್ತದೆ ಎಂದು ಮಂಡಳಿ ಒಪ್ಪಿಕೊಂಡಿತು.

ಮೊದಲು 3,000 ಸೈಕಲ್‌ಗೊಮ್ಮೆ ಇದ್ದ ಲೂಬ್ರಿಕೆಂಟ್ ಹಚ್ಚುವ ಕೆಲಸ ಈಗ 1,600ಕ್ಕೆ ಇಳಿದಿದೆ. ಅಲ್ಟ್ರಾಸಾನಿಕ್ ತಪಾಸಣೆಯೂ ಅದೇ ಲೆಕ್ಕಕ್ಕೆ ಬಂದಿದೆ. ದಿನಕ್ಕೆ ಐದು ಸಲ ಹಾರುವ ವಿಮಾನಕ್ಕೆ ಇದು ಹತ್ತೂವರೆ ತಿಂಗಳಿಗೊಮ್ಮೆ ಬರುತ್ತದೆ. ಆಗ ಟೆಕ್ನಿಷಿಯನ್ 24 ಬ್ಲೇಡ್‌ಗಳನ್ನು ಒಂದೊಂದಾಗಿ ಜಾರಿಸಿ ಹೊರತೆಗೆಯುತ್ತಾರೆ. ಹಳೆಯ ಕಪ್ಪು ಲೂಬ್ರಿಕೆಂಟ್ ಒರೆಸುತ್ತಾರೆ. ಬುಡವನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾರೆ. ಒತ್ತುವ ಮುಖ, ಆಮೇಲೆ ಅದರ ಅಂಚು. ಹೊಸ ಲೂಬ್ರಿಕೆಂಟ್ ಹಚ್ಚಿ, ಜಾಬ್ ಕಾರ್ಡಿನಲ್ಲಿ ಸಹಿ ಹಾಕಿ, ಮುಂದಿನ ಬ್ಲೇಡ್ ಎತ್ತಿಕೊಳ್ಳುತ್ತಾರೆ.